ಸುಂದಾ ಪಾಠದ ಕುರ್ಚಿ

ಕ್ಯಾಂಪ್‌ಬೆಲ್‌ನ ದಂತವೈದ್ಯೆ ನನ್ನ ದವಡೆ ಹಲ್ಲಿನ ಗುಳಿಗೆ ಏನನ್ನೋ ಅದ್ದಿದ ಹತ್ತಿ ಇಟ್ಟು ಒತ್ತಿದಳು. ಲವಂಗದ ವಾಸನೆ. ನಮ್ಮವರಿಗೆ ಲವಂಗವೆಂದರೆ ಊಟವಾದ ಮೇಲಿನ ಬೀಡ, ಮದುವೆಮನೆಯ ಪಲಾವು. ನನಗೆ ಹಾಗಲ್ಲ. ಬಾಯಿ ಅಗಲವಾಗಿ ತೆರೆದೇ ಇತ್ತು, ಒಳಗೆ ಇನ್ನೊಬ್ಬರ ಬೆರಳುಗಳಿದ್ದವು, ಮುಖದ ಮೇಲೆ ದೀಪ ಬಿದ್ದಿತ್ತು. ಕೈ ಎತ್ತಿ, ನಿಲ್ಲಿಸು ಎಂದು ಸನ್ನೆ ಮಾಡಿದೆ.

"ಪೇನ್ ಆಯ್ತಾ ಆಂಟಿ?" ಎಂದಳು. ಬೆಂಗಳೂರಿನವರ ಮಗಳು, ಇಲ್ಲೇ ಹುಟ್ಟಿದವಳು. ನೋವಲ್ಲ ಎಂದೆ. ಅಸಹ್ಯವಾಯಿತು ಎಂದಿದ್ದರೆ ತನ್ನ ಕೈಗುಣಕ್ಕೆ ಹೇಳಿದೆನೆಂದು ನೊಂದುಕೊಳ್ಳುತ್ತಿದ್ದಳು.

ಆ ವಾಸನೆ ಒಬ್ಬ ಮೇಷ್ಟ್ರದು. ಎಂಬತ್ತರ ದಶಕದಲ್ಲಿ, ಬರ್ಕ್ಲಿಯ ಒಂದು ಲಾಂಡ್ರಿಯ ಮೇಲಿನ ಮಾಳಿಗೆಯಲ್ಲಿ, ಅವರು ಸಂಜೆ ಹೊತ್ತು ಜಾವಾ ದ್ವೀಪದ ಸುಂದಾ ಭಾಷೆ ಕಲಿಸುತ್ತಿದ್ದರು. ಜಾವಾದಿಂದ ತರಿಸಿದ ಲವಂಗದ ಸಿಗರೇಟು ಸೇದುತ್ತ ಪಾಠ ಹೇಳುವರು. ಗೋಡೆ, ಪುಸ್ತಕ, ನನ್ನ ಕೋಟು, ಎಲ್ಲಕ್ಕೂ ಆ ಹೊಗೆ ಅಂಟಿಕೊಳ್ಳುತ್ತಿತ್ತು. 'ಅವರು' ಎಂದು ಬರೆಯುತ್ತಿದ್ದೇನೆ, ನೋಡಿ. ಆ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಇಷ್ಟವಿಲ್ಲ. ಆದರೆ ಮೇಷ್ಟ್ರು ಎಂದ ಕೂಡಲೇ ಕೈ ತಾನಾಗಿ ಬಹುವಚನಕ್ಕೆ ಹೋಗುತ್ತದೆ. ಅಭ್ಯಾಸದ ಮರ್ಯಾದೆ ಮನಸ್ಸನ್ನು ಕೇಳಿ ಬರುವುದಿಲ್ಲ.

ನಾನು ಬರೆಯಬೇಕೆಂದಿರುವುದು ಅವರ ಬಗ್ಗೆ ಅಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ, ನಾನು ಅಕ್ಕ ಎನ್ನುತ್ತಿದ್ದ ಹೆಂಗಸಿನ ಬಗ್ಗೆ. ಆದರೆ ಅವಳನ್ನು ನೆನೆಯಲು ಹೋದಾಗಲೆಲ್ಲ ಮೊದಲು ಆ ಹೊಗೆಯನ್ನು ದಾಟಬೇಕು...

ಆಗ ನನ್ನ ಗಂಡನಿಗೆ ಫ್ರೀಮಾಂಟಿನಲ್ಲಿ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಭಾಷಾಶಾಸ್ತ್ರ ಓದಿ ಬಂದವಳು ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಫ್ರೀವೇ ನೋಡುತ್ತಿದ್ದೆ. ಎದುರಿಗಿರುವವರ ಅಂತಸ್ತಿಗೆ ತಕ್ಕಂತೆ ಮಾತಿನ ಪದಗಳೇ ಬದಲಾಗುವ ಭಾಷೆಗಳು ಜಾವಾ ದ್ವೀಪದಲ್ಲಿವೆ ಎಂದು ಎಂದೋ ಪಾಠದಲ್ಲಿ ಕೇಳಿದ್ದೆ. ಗ್ರಂಥಾಲಯದ ಹಲಗೆಯ ಮೇಲೆ 'ಬಾಸಾ ಸುಂದಾ' ಎಂಬ ಚೀಟಿ ಕಂಡಾಗ ಆ ಬಾಸಾ ನಮ್ಮ ಭಾಷೆಯೇ ಎಂದು ಗುರುತಾಗಿ, ದೂರದ ನೆಂಟರನ್ನು ಕಂಡಷ್ಟು ಖುಷಿಯಾಯಿತು. ನನ್ನ ಗಂಡ ಧಾರವಾಡದವರು. ಅವರು ನಕ್ಕುಬಿಟ್ಟರು.

"ಯಾರ ಜೋಡಿ ಮಾತಾಡಾಕಿ ಆ ಭಾಷಾ? ನಮ್ಮ ಕಾಯಿಪಲ್ಲೆ ಅಂಗಡ್ಯಾಂವ ಸುಂದಾ ಮಾತಾಡ್ತಾನೇನು?"

"ನೀವು ಹೊತ್ತಿಗೆ ಸರಿಯಾಗಿ ಮನೆಗೆ ಬನ್ನಿ, ನಿಮ್ಮ ಜೊತೇನೇ ಮಾತಾಡ್ತೀನಿ" ಎಂದೆ. ಆಮೇಲೆ ಅವರೇ ರೈಲು ನಿಲ್ದಾಣಕ್ಕೆ ಬಿಟ್ಟುಬಂದರು.

ತರಗತಿಯಲ್ಲಿ ನಾವು ಬೆರಳೆಣಿಕೆಯ ಜನ. ಜಾವಾಕ್ಕೆ ಹೊರಟಿದ್ದ ತೈಲ ಕಂಪನಿಯವರು, ಒಬ್ಬ ಪಾದ್ರಿ, ಅಲ್ಲಿಯ ಕೊಳಲು ಕಲಿಯಬೇಕೆಂದಿದ್ದ ಒಬ್ಬ ಹುಡುಗಿ, ನಾನು. ಮೇಷ್ಟ್ರು ಹರೆಯದಲ್ಲಿ ಬಾಂಡುಂಗ್ ಹತ್ತಿರದ ಚಹಾ ತೋಟವೊಂದರಲ್ಲಿ ಮೇಲ್ವಿಚಾರಕರಾಗಿದ್ದವರು. ಕೂಲಿಯವರಿಂದ ಭಾಷೆ ಕಲಿತು, ಆಮೇಲೆ ಅದರಲ್ಲಿ ಡಾಕ್ಟರೇಟ್ ಮಾಡಿದವರು. ಅವರ ಪಕ್ಕದಲ್ಲಿ, ಕಪ್ಪು ಹಲಗೆಗೆ ಅಂಟಿಕೊಂಡಂತೆ ಒಂದು ಮರದ ಕುರ್ಚಿ. ಅದರಲ್ಲಿ ಗಾರುತ್ ಎಂಬ ಊರಿನಿಂದ ಅವರೇ ಕರೆಸಿಕೊಂಡಿದ್ದ ಹೆಂಗಸು. ಮೊದಲ ದಿನ ಅವರು ಅವಳ ಹೆಸರು ಹೇಳಲಿಲ್ಲ. "ಇದು ನಮ್ಮ ಧ್ವನಿ" ಎಂದು ಪರಿಚಯಿಸಿದರು. ಎಲ್ಲರೂ ಮೆಚ್ಚಿಕೊಂಡು ನಕ್ಕರು.

ಪದ್ಧತಿ ಹೀಗಿತ್ತು. ವಿವರಣೆ ಮೇಷ್ಟ್ರದು, ಧ್ವನಿ ಅವಳದು. ಅವಳು ಹೇಳಿದ್ದೆಲ್ಲ ಕ್ಯಾಸೆಟ್ಟಿನಲ್ಲೂ ಮುದ್ರಣವಾಗುತ್ತಿತ್ತು. ಹಲಗೆಯ ಮೇಲಿನ ವಾಕ್ಯವನ್ನು ಅವಳು ಹೇಳಬೇಕು, ನಾವು ಅದೇ ಧಾಟಿಯಲ್ಲಿ ಒಪ್ಪಿಸಬೇಕು. ನಾವು ಅವಳನ್ನು ಏನೂ ಕೇಳುವಂತಿಲ್ಲ, ಅವಳೂ ಸ್ವಂತದ್ದೇನನ್ನೂ ಹೇಳುವಂತಿಲ್ಲ. ಯುದ್ಧದ ಕಾಲದಲ್ಲಿ ಸೈನಿಕರಿಗೆ ಭಾಷೆ ಕಲಿಸಿದ್ದೇ ಹೀಗೆ ಎಂದು ಮೇಷ್ಟ್ರು ಹೆಮ್ಮೆಪಡುತ್ತಿದ್ದರು. ಅರ್ಥದ ಗೊಡವೆ ಬಿಡಿ, ನಾಲಗೆ ಪಳಗಲಿ ಎನ್ನುವುದು ಅವರ ಮಂತ್ರ.

ಸುಂದಾದಲ್ಲಿ ಸ್ವರಗಳು ಏಳು. ಐದು ನಮ್ಮವೇ. ಆರನೆಯದು ಇಂಗ್ಲಿಷಿನಲ್ಲಿ ಕೇಳಿ ಗೊತ್ತಿದ್ದ ಒಂದು ಮಂಕು ಸ್ವರ. ಏಳನೆಯದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ನಾಲಗೆಯನ್ನು 'ಉ' ಎನ್ನುವ ಹಾಗೆ ಹಿಂದಕ್ಕೆ ಎಳೆದುಕೊಂಡು, ತುಟಿಗಳನ್ನು 'ಇ' ಎನ್ನುವ ಹಾಗೆ ಬಿಡಿಸಿ ಹೇಳಬೇಕು. ಬೆಂಕಿ, ಕಾಡು, ಕೆಂಪು, ರಾತ್ರಿ, 'ಇಲ್ಲ' ಎನ್ನುವ ಮಾತು... ಆ ಭಾಷೆಯಲ್ಲಿ ಇವೆಲ್ಲದರೊಳಗೂ ಅದೇ ಸ್ವರ. ನಮಗೆ ಯಾರಿಗೂ ಅದು ಬರಲಿಲ್ಲ. ಆಗ ಮೇಷ್ಟ್ರು ಜೇಬಿನಿಂದ ಒಂದು ಪುಟ್ಟ ಟಾರ್ಚ್ ತೆಗೆದರು. ಹೊಗೆಯಿಂದ ಹಳದಿಗಟ್ಟಿದ ಬೆರಳುಗಳಲ್ಲಿ ಅವಳ ಗಲ್ಲ ಹಿಡಿದು ಮೇಲಕ್ಕೆತ್ತಿದರು, ಅವಳು ಬಾಯಿ ತೆರೆದು ಆ ಸ್ವರವನ್ನು ಎಳೆಯತೊಡಗಿದಳು. ನಾವು ಒಬ್ಬೊಬ್ಬರಾಗಿ ಬಂದು ಬಗ್ಗಿ ಒಳಗೆ ನೋಡಬೇಕಿತ್ತು. ಪೆನ್ಸಿಲ್ ತುದಿಯಿಂದ ನಾಲಗೆಯ ಬೆನ್ನನ್ನು ಮುಟ್ಟಿ "ಇಲ್ಲಿ, ಈ ಏರು ಕಾಣುತ್ತಿದೆಯೇ" ಎಂದು ತೋರಿಸಿದರು. ದನದ ಜಾತ್ರೆಯಲ್ಲಿ ಹಲ್ಲು ಎಣಿಸುವವರು ಕೂಡ ಪ್ರಾಣಿಯ ಬೆನ್ನು ಸವರಿ ಆಮೇಲೆ ಬಾಯಿ ಬಿಡಿಸುತ್ತಾರೆ.

ಅವರು ಹಿಡಿದದ್ದು ಗಲ್ಲವೋ ಕೆನ್ನೆಯೋ, ಪೆನ್ಸಿಲ್ ನಿಜಕ್ಕೂ ನಾಲಗೆಗೆ ತಾಗಿತೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ಅಂದಿನ ಡೈರಿ ತೆಗೆದು ನೋಡಿದೆ. "ತಲೆನೋವು. ರೈಲು ತಡ" ಎಂದಷ್ಟೇ ಇದೆ. ವಾಕರಿಕೆಯನ್ನು ತಲೆನೋವು ಎಂದು ಬರೆಯುವ ಸಭ್ಯತೆ ಆಗಲೇ ನನಗೆ ಬಂದಿತ್ತು. ಆದರೆ ಪಾದ್ರಿಗಳು ಬಗ್ಗಿದಾಗ ಅವಳು ಕಣ್ಣು ಮುಚ್ಚಿಕೊಂಡದ್ದು ಮಾತ್ರ ನೆನಪಿನ ಕಟ್ಟುಕತೆಯಲ್ಲ. ಆ ರೆಪ್ಪೆಗಳ ಅದುರು ಇಂದಿಗೂ ಕಾಣುತ್ತದೆ.

ಭಾಷೆ ಮಾತ್ರ ಬಹಳ ಚೆಂದದ್ದು. ಹಾಗೆ ಹೇಳುವುದಕ್ಕೂ ನನಗೆ ಮುಜುಗರ, ಅಂಥ ಕೋಣೆಯಿಂದ ಇಷ್ಟು ಚೆಂದದ್ದನ್ನು ಎತ್ತಿಕೊಂಡು ಬಂದೆನಲ್ಲ ಎಂದು. ಕ್ರಿಯಾಪದಕ್ಕೆ ಕಾಲವಿಲ್ಲ. ಆಗಿದೆ, ಆಗುತ್ತಿದೆ, ಆಗಲಿದೆ ಎನ್ನಲು ಪದದ ಹಿಂದೆ ಒಂದೊಂದು ಪುಟ್ಟ ಪದ ಬಂದು ನಿಲ್ಲುತ್ತದೆ. ಅವನು, ಅವಳು ಎಂಬ ಭೇದವಿಲ್ಲ. 'ನನ್ನ ಮಗು' ಎನ್ನುವಲ್ಲಿ ಮಗು ಮೊದಲು, ನಾನು ಆಮೇಲೆ. ಬಹುವಚನವಂತೂ ನನಗೆ ಪವಾಡದಂತೆ ಕಂಡಿತು. ಬುದಕ್ ಎಂದರೆ ಮಗು, ಬರುದಕ್ ಎಂದರೆ ಮಕ್ಕಳು. ನಮ್ಮ ಹಾಗೆ ಬಾಲಕ್ಕೆ ಅಂಟಿಸುವುದಲ್ಲ, ಪದದ ಹೊಟ್ಟೆಯೊಳಗೇ ಇನ್ನೊಂದು ಉಸಿರು ಹುಟ್ಟುತ್ತದೆ. ಮರ್ಯಾದೆಯ ಮಾತಿನಲ್ಲಿ ಮನೆಗೆ 'ಬುಮಿ' ಎನ್ನುತ್ತಾರೆ. ನಮ್ಮ ಭೂಮಿ ಅಷ್ಟು ದೂರ ಹೋಗಿ ಯಾರದೋ ಮನೆಯಾಗಿತ್ತು. ಊಟ ಮಾಡುವುದಕ್ಕೆ ತನ್ನ ವಿಷಯದಲ್ಲಾದರೆ ಒಂದು ವಿನಯದ ಪದ, ಹಿರಿಯರಿಗೆ ಒಂದು, ಸಲಿಗೆಗೆ ಒಂದು, ಪ್ರಾಣಿಗಳಿಗೆ ಇನ್ನೊಂದು.

ಮೇಷ್ಟ್ರು ಅವಳೊಡನೆ ಆಡುತ್ತಿದ್ದದ್ದು ತೋಟದ ಕೂಲಿಯವರೊಡನೆ ಆಡಿ ಕಲಿತ ಮಾತು. ಅವಳು ಉತ್ತರಿಸುತ್ತಿದ್ದದ್ದು ಮರ್ಯಾದೆಯ ಮಾತಿನಲ್ಲಿ. ಆ ಏರುತಗ್ಗನ್ನೇ ಅವರು ನಮಗೆ ಉದಾಹರಣೆಯಾಗಿ ಬರೆಸಿದರು.

ರೈಲು ನಿಲ್ದಾಣದ ತನಕ ನನ್ನದೂ ಅವಳದೂ ದಾರಿ ಒಂದೇ. ಅಲ್ಲಿ ಮೇಷ್ಟ್ರ ನಿಯಮ ನಡೆಯುತ್ತಿರಲಿಲ್ಲ. ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ ತೇತೇಹ್ ಎನ್ನು, ಅಕ್ಕ ಎಂದರ್ಥ ಎಂದಳು. ಹೆಸರನ್ನೂ ಹೇಳಿದಳು. ಮುರುಕು ಇಂಗ್ಲಿಷು, ತರಗತಿಯ ಸುಂದಾ, ಕೈಸನ್ನೆ, ಇಷ್ಟರಲ್ಲೇ ನಮ್ಮ ಮಾತು. ಅವಳಿಗೆ ಗಂಡನಿರಲಿಲ್ಲ. ಗಾರುತ್‌ನಲ್ಲಿ ತನ್ನ ತಾಯಿಯ ಹತ್ತಿರ ಪುಟ್ಟ ಮಗಳನ್ನು ಬಿಟ್ಟು ಬಂದಿದ್ದಳು. ಪಾಠದ ಕ್ಯಾಸೆಟ್ಟುಗಳೆಲ್ಲ ಮುಗಿದರೆ ಮಗಳನ್ನು ಇಲ್ಲಿಗೆ ಕರೆಸುವ ಕಾಗದಪತ್ರ ತಾನೇ ಮಾಡಿಸಿಕೊಡುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟಿದ್ದರಂತೆ. ಅರ್ಜಿ ಹೋಗಿದೆ, ಇನ್ನು ಕರೆ ಬರುವುದೊಂದೇ ಬಾಕಿ ಎಂದೂ ಹೇಳಿದ್ದರಂತೆ. ಅದಕ್ಕೇ ಆ ಕುರ್ಚಿ, ಅದಕ್ಕೇ ಆ ಟಾರ್ಚ್.

ಸಾನ್ ಫ್ರಾನ್ಸಿಸ್ಕೋದಲ್ಲಿ ನಿಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರಲ್ಲ, ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದೆ. ಮೇಷ್ಟ್ರು ಬೇಡ ಎಂದಿದ್ದಾರೆ ಎಂದಳು. ಬೇರೆ ಊರಿನವರ ಜೊತೆ ಬೆರೆತರೆ ಮಾತು ಕಲಬೆರಕೆಯಾಗುತ್ತದೆ, ಧ್ವನಿ ಕೆಡುತ್ತದೆ ಎಂದು. ಹಾಲಿಗೆ ಬಟ್ಟೆ ಮುಚ್ಚಿಟ್ಟ ಹಾಗೆ ಒಂದು ಹೆಂಗಸನ್ನು ಮುಚ್ಚಿಟ್ಟಿದ್ದರು.

ಕೋರ್ಸಿನ ಕೊನೆಗೆ ವಾಕ್ಯಗಳಲ್ಲಿ ಪದ ಬದಲಿಸುವ ಪಾಠ ಬಂತು. ಒಂದು ವಾಕ್ಯ ಕೊಟ್ಟು, ಅದರ ಕೊನೆಯ ಪದವನ್ನಷ್ಟೇ ಬದಲಿಸುತ್ತ ಹೋಗಬೇಕು. 'ಅನಕ್ ಕುರಿಂಗ್' ಎಂದರೆ ನನ್ನ ಮಗು. ನನ್ನ ಮಗು ಮಲಗಿದೆ, ನನ್ನ ಮಗು ಅಳುತ್ತಿದೆ, ನನ್ನ ಮಗುವಿಗೆ ಹುಷಾರಿಲ್ಲ. ಅಕ್ಕ ಹೇಳಿದಳು, ಎಲ್ಲರೂ ಒಪ್ಪಿಸಿದರು, ಕ್ಯಾಸೆಟ್ಟು ತಿರುಗುತ್ತಿತ್ತು. ಆಮೇಲೆ ಮೇಷ್ಟ್ರು ಹಲಗೆಯ ಮೇಲೆ ಸಾವಿನ ಪದ ಬರೆದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಪದದ ಕೊನೆಯ ಹಕಾರವನ್ನು ಉಸಿರಾಗಿ ಬಿಡುವುದಕ್ಕೆ ಅದು ಒಳ್ಳೆಯ ಅಭ್ಯಾಸ ಎನ್ನುವುದು ಅವರ ಕಾರಣ.

ಅಕ್ಕ ಹಲಗೆಯಿಂದ ಮುಖ ತಿರುಗಿಸಿದಳು. ಮೇಷ್ಟ್ರು ಕಡ್ಡಿಯಿಂದ ಹಲಗೆ ತಟ್ಟಿದರು. ಆಗ ಅವಳು ಆ ಕುರ್ಚಿಯಿಂದ ಮೊದಲ ಸಲ ತನ್ನದೇ ಒಂದು ಮಾತು ಆಡಿದಳು.

"ಪಮಾಲಿ."

ಆಡಬಾರದ್ದು, ಆಡಿದರೆ ತಟ್ಟುವುದು ಎಂದು ಅದರ ಅರ್ಥ. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಷ್ಟ್ರಿಗೆ ಖುಷಿಯಾಯಿತು. ಒಳ್ಳೆಯ ಪದ, ಬರೆದುಕೊಳ್ಳಿ, ಸುಂದಾ ಜನರ ಮೂಢನಂಬಿಕೆ ಎಂದು ನಮಗೆ ಹೇಳಿ, ಅವಳ ಕಡೆ ತಿರುಗಿ, ಇದು ಕೇವಲ ವಾಕ್ಯ, ಇಲ್ಲಿ ಯಾವ ಮಗುವೂ ಇಲ್ಲ ಎಂದರು. ತೈಲ ಕಂಪನಿಯವನೊಬ್ಬ ಗಡಿಯಾರ ನೋಡಿಕೊಂಡ. ಮೇಷ್ಟ್ರು ದನಿ ತಗ್ಗಿಸಿ, ಸಿಗರೇಟಿನ ಬೂದಿ ಕೊಡವುತ್ತ, ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದರು: "ಪಾಠ ಅರ್ಧಕ್ಕೆ ನಿಂತರೆ ನಿನ್ನ ಕಾಗದಪತ್ರವೂ ಅರ್ಧಕ್ಕೆ ನಿಲ್ಲುತ್ತದೆ."

ಅವಳು ಹೇಳಿದಳು. ನನ್ನ ಮಗು ಸತ್ತಿದೆ ಎಂದಳು, ಮಗು ತನ್ನ ಹತ್ತಿರ ಬರಲಿ ಎಂದು.

ದನಿ ನಡುಗಿತು. ಧ್ವನಿಮುದ್ರಣ ಕೆಟ್ಟಿತು, ಇನ್ನೊಮ್ಮೆ ಎಂದರು ಮೇಷ್ಟ್ರು. ಇನ್ನೊಮ್ಮೆ ಹೇಳಿದಳು. ಈ ಸಲ ಆಡಿದ ಮಾತಿನ ದೋಷ ಕಳೆಯಲು ಅವರಲ್ಲಿ ಹೇಳುವ 'ಅಮಿತ್ ಅಮಿತ್' ಎಂಬುದನ್ನು ಕೊನೆಗೆ ಸೇರಿಸಿಬಿಟ್ಟಳು. ಅದೂ ಬೇಡ ಎಂದು ಅಳಿಸಿದರು. ಮೂರನೆಯ ಸಲ ಅವಳ ದನಿಯಲ್ಲಿ ಏನೂ ಇರಲಿಲ್ಲ. ಪರಿಪೂರ್ಣ ಎಂದರು. ಆ ಕೂಡಲೇ ತರಗತಿಯೆಲ್ಲ ಒಂದೇ ದನಿಯಲ್ಲಿ, ಶಾಲೆಯ ಪ್ರಾರ್ಥನೆಯಷ್ಟು ಉತ್ಸಾಹದಿಂದ ಆ ವಾಕ್ಯವನ್ನು ಒಪ್ಪಿಸಿತು. ಕೊಳಲಿನ ಹುಡುಗಿಯ ಹಕಾರ ಚೆನ್ನಾಗಿ ಬಂತೆಂದು ಮೆಚ್ಚುಗೆಯೂ ಸಿಕ್ಕಿತು. ನಾನು ಒಪ್ಪಿಸಲಿಲ್ಲ ಎಂದು ನನ್ನ ನೆನಪು. ಆದರೆ ಇಂಥ ನೆನಪುಗಳು ಯಾವಾಗಲೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತವೆ...

ನಿಲ್ದಾಣದ ಬೆಂಚಿನ ಮೇಲೆ ಅವಳು ಎರಡು ರೈಲುಗಳನ್ನು ಹೋಗಗೊಟ್ಟಳು. ಅಮಿತ್ ಅಮಿತ್ ಎಂಬುದನ್ನು ಮಾತು ಬಿದ್ದ ಕೂಡಲೇ ಹೇಳಬೇಕು, ಈಗ ಹೇಳಿದರೆ ಏನು ಬಂತು ಎಂದಳು. ನಿಮ್ಮಲ್ಲಿ ಇಂಥದ್ದಕ್ಕೆ ಏನು ಮಾಡುತ್ತಾರೆ ಎಂದು ಕೇಳಿದಳು. ನಮ್ಮಲ್ಲಿ ಕೆಟ್ಟ ಮಾತು ಬಾಯಿಗೆ ಬಂದರೆ ಹಿರಿಯರು 'ಬಿಡ್ತು ಅನ್ನು' ಎಂದು ಗದರುತ್ತಾರೆ, ಬಿಡ್ತು ಎಂದರೆ ಅದು ನಮ್ಮನ್ನು ಬಿಟ್ಟುಹೋಗುತ್ತದೆ ಎಂದೆ. ತಡವಾದರೂ ನಡೆಯುತ್ತದೆಯೇ ಎಂದಳು. ನನಗೆ ಗೊತ್ತಿರಲಿಲ್ಲ. ನಡೆಯುತ್ತದೆ ಎಂದೆ.

"ಹೇಳಿಕೊಡು" ಎಂದಳು.

ನಾನು ಹೇಳಿದೆ, ಅವಳು ಹೇಳಿದಳು. ಒತ್ತಕ್ಷರ ಸರಿಯಾಗಿ ಬರಲಿಲ್ಲ. ನಾನು ತಿದ್ದಲಿಲ್ಲ.

ಕೊನೆಯ ತರಗತಿಗೆ ಮುಂಚಿನ ಭಾನುವಾರ ಮೇಷ್ಟ್ರು ಓಕ್ಲಂಡಿನ ಗುಡ್ಡದ ಮೇಲಿನ ತಮ್ಮ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದರು. ಅಡಿಗೆ ಅಕ್ಕನದು. ಹಸಿ ಸೊಪ್ಪು, ಸೌತೆಕಾಯಿ, ಒಣ ಸಿಗಡಿ ಅರೆದ ಚಟ್ನಿ. ಆ ಚಟ್ನಿಯ ನಾತಕ್ಕೆ ನಾನು, ಸಸ್ಯಾಹಾರಿ, ಕಿಟಕಿಯ ಹತ್ತಿರ ಹೋಗಿ ನಿಂತೆ. ಆಮೇಲೆ ಕಂಡದ್ದರ ಮುಂದೆ ಅದು ನಾತವೇ ಅಲ್ಲ. ಎಲ್ಲರಿಗೂ ಬಡಿಸಿಯಾದ ಮೇಲೆ ಮೇಷ್ಟ್ರು ಅವಳಿಗೆ, ನೀನೂ ತಿನ್ನು ಎಂದು ಹೇಳಲು ಪ್ರಾಣಿಗಳಿಗೆ ಆಡುವ ಪದವನ್ನೇ ಬಳಸಿದರು. ಪಾಠದಲ್ಲಿ ಅದನ್ನು ಕಲಿತಿದ್ದವರಿಗೆಲ್ಲ ನಗು ಬಂತು. ಗುರುತು ಸಿಕ್ಕಿತಲ್ಲ ಎಂಬ ವಿದ್ಯಾರ್ಥಿಗಳ ನಗು. ಅವಳೂ ನಕ್ಕು ಅಡಿಗೆಮನೆಗೆ ಹೋದಳು.

ಆಗ ಪಾದ್ರಿಗಳು, ಮಗು ಯಾವಾಗ ಬರುತ್ತದೆ, ನಮ್ಮ ಚರ್ಚಿನ ಶಾಲೆಯಲ್ಲಿ ಜಾಗ ಕೇಳಲೇ ಎಂದರು. ಮೇಷ್ಟ್ರು ಕೈಯಾಡಿಸಿದರು.

"ಅರ್ಜಿಯನ್ನೇ ಹಾಕಿಲ್ಲ. ಮಗು ಬಂದರೆ ಮನೆಯಲ್ಲಿ ಇಂಗ್ಲಿಷು ಶುರುವಾಗುತ್ತದೆ. ಒಂದೇ ವರ್ಷಕ್ಕೆ ಧ್ವನಿ ಹಾಳು."

ಅದನ್ನು ಗುಟ್ಟಿನಂತೆ ಹೇಳಲಿಲ್ಲ. ತರಕಾರಿ ಫ್ರಿಜ್ಜಿನಲ್ಲಿಡದಿದ್ದರೆ ಬಾಡುತ್ತದೆ ಎಂದು ಹೇಳುವ ಹಾಗೆ ಹೇಳಿ ಇನ್ನಷ್ಟು ಅನ್ನ ಹಾಕಿಸಿಕೊಂಡರು. ಪಾದ್ರಿಗಳು ತಟ್ಟೆ ನೋಡುತ್ತ ಕೂತರು. ಯಾರೂ ಎದ್ದುಹೋಗಲಿಲ್ಲ. ಊಟ ಚೆನ್ನಾಗಿತ್ತು.

ನಾನು ಅಡಿಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ, ಕೈ ತೊಳೆದು, ಒರೆಸಿಕೊಂಡಳು.

"ಹಾಗಾದರೆ ಆ ಮಾತು ಸುಮ್ಮನೆ ಆಡಿದೆ" ಎಂದಳು.

ಹಿಂಬಾಗಿಲಿನಿಂದ ಹೊರಟೆವು. ಗುಡ್ಡ ಇಳಿಯುತ್ತ ಅವಳು ಅಳಲಿಲ್ಲ. ಬಸ್ ನಿಲ್ದಾಣದಲ್ಲಿ, ಊರಿಗೆ ಹೋಗುತ್ತೇನೆ, ಮಗಳು ಇದ್ದಾಳೋ ಇಲ್ಲವೋ ಮೊದಲು ನೋಡಬೇಕು ಎಂದಳು. ಹುಚ್ಚಿ, ಚೆನ್ನಾಗಿಯೇ ಇರುತ್ತಾಳೆ ಎಂದು ನಾನು ಕನ್ನಡದಲ್ಲೇ ಬೈದೆ. ಅವಳಿಗೆ ಅರ್ಥವಾದಂತಿತ್ತು. ಅದೇ ವಾರದಲ್ಲಿ ನನ್ನ ಗಂಡನೇ ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು. ಇಡೀ ದಾರಿ ಒಂದು ತಮಾಷೆಯನ್ನೂ ಮಾಡಲಿಲ್ಲ. ವಾಪಸು ಬರುವಾಗ ಮಾತ್ರ, "ಅಂವನ್ನ ಒಂದ್ಸಲ ನೋಡ್ಬೇಕಿತ್ತ ನೋಡು" ಎಂದರು.

ಕೊನೆಯ ತರಗತಿಗೆ ಹೋದೆ. ಯಾಕೆ ಹೋದೆನೋ. ಕುರ್ಚಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟಿದ್ದರು. ಮೇಷ್ಟ್ರು ಗುಂಡಿ ಒತ್ತುವರು, ಅದು ಮಾತಾಡುವುದು, ಎಲ್ಲರೂ ಅದಕ್ಕೆ ಒಪ್ಪಿಸುವರು. ಏನೂ ಬದಲಾಗಿರಲಿಲ್ಲ. ಇದು ಹೆಚ್ಚು ಅನುಕೂಲ, ಆಯಾಸವಾಗುವುದಿಲ್ಲ ಎಂದರು ಮೇಷ್ಟ್ರು. ನಾನು ಮೆಟ್ಟಿಲಿಳಿದು ಬಂದು ಲಾಂಡ್ರಿಯ ಪಕ್ಕದ ಚರಂಡಿಯಲ್ಲಿ ವಾಂತಿ ಮಾಡಿಕೊಂಡೆ.

ಗಾರುತ್‌ನಿಂದ ಸುದ್ದಿ ಬರಲಿಲ್ಲ. ನಾವೂ ಆ ವರ್ಷ ಮನೆ ಬದಲಿಸಿದೆವು. ಕಾಗದ ಹುಡುಕಿಕೊಂಡು ಬಂದಿದ್ದರೂ ನಾವು ಸಿಗುತ್ತಿರಲಿಲ್ಲವೇನೋ...

ದಂತವೈದ್ಯೆಯ ಹತ್ತಿರದಿಂದ ಮನೆಗೆ ಬಂದವಳು ಕಂಪ್ಯೂಟರಿನಲ್ಲಿ ಹುಡುಕಿದೆ. ಅಷ್ಟೂ ಕ್ಯಾಸೆಟ್ಟುಗಳು ಯಾವುದೋ ಗ್ರಂಥಾಲಯದ ಪುಟದಲ್ಲಿವೆ. ಮೇಷ್ಟ್ರು ತೀರಿಕೊಂಡಿದ್ದಾರೆ, ಅವರ ಭಾವಚಿತ್ರಕ್ಕೆ ದೊಡ್ಡ ಅಕ್ಷರಗಳ ಹೊಗಳಿಕೆ. ಅದರ ಕೆಳಗೆ, 'ಸ್ತ್ರೀ ಧ್ವನಿ, ಹೆಸರು ತಿಳಿದಿಲ್ಲ'. ಆ ಪಾಠವನ್ನು ಒತ್ತಿದೆ. ಮಲಗಿದೆ, ಅಳುತ್ತಿದೆ, ಹುಷಾರಿಲ್ಲ, ಆಮೇಲೆ ಅದು. ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದ ನನ್ನ ಮಗಳು, "ಹೂ ಇಸ್ ದಟ್ ಅಮ್ಮಾ? ಶಿ ಸೌಂಡ್ಸ್ ಸೋ ಕಾಮ್" ಎಂದಳು.

ಆ ಒಂದು ವಾಕ್ಯವನ್ನು ತೆಗೆದುಹಾಕಿ ಎಂದು ಗ್ರಂಥಾಲಯದವರಿಗೆ ಬರೆದೆ. ಹಳೆಯ ಧ್ವನಿಮುದ್ರಣವನ್ನು ಕತ್ತರಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ವಿನಯದಿಂದ ಉತ್ತರ ಬಂತು. ಜೊತೆಗೆ, ಆ ಮಹಿಳೆಯ ಹೆಸರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಗೌರವದಿಂದ ಸೇರಿಸುತ್ತೇವೆ, ಇಂಥ ಹೆಸರುಗಳಿಂದ ಎಷ್ಟೋ ಸಲ ಕುಟುಂಬದವರು ತಮ್ಮವರ ಧ್ವನಿ ಕಂಡುಕೊಂಡದ್ದುಂಟು ಎಂದೂ ಇತ್ತು. ಹೇಳಮ್ಮಾ, ಅವರ ಮಗಳು ಹುಡುಕುತ್ತಿದ್ದರೆ ಎಂದಳು ನನ್ನ ಮಗಳು.

ಅದು ಸರಿಯಾದ ಮಾತೇ. ಆ ಹುಡುಗಿ ಇದ್ದರೆ ಈಗ ಕೂದಲು ನರೆಯುತ್ತಿರುವ ಹೆಂಗಸು. ಒಂದು ದಿನ ತಾಯಿಯ ದನಿ ಕೇಳಬೇಕೆನಿಸಿ ಹೆಸರು ಕೊಟ್ಟು ಹುಡುಕಬಹುದು, ಆ ದನಿ ಬೇರೆಲ್ಲಿಯೂ ಉಳಿದಿರಲಾರದು. ಆದರೆ ಸಿಕ್ಕರೆ ಅವಳಿಗೆ ಕೇಳಿಸುವುದು ಏನು? ಈಗ ಆ ವಾಕ್ಯ ಯಾರದೂ ಅಲ್ಲ, ಅದರ ಮಗುವೂ ಯಾರದ್ದೂ ಅಲ್ಲ. ಹೆಸರು ಹಚ್ಚಿದ ದಿನ ಅದು ಒಬ್ಬ ತಾಯಿ ತನ್ನ ಮಗಳ ಬಗ್ಗೆ ಆಡಿದ ಮಾತಾಗುತ್ತದೆ. ಹೀಗೆ ಯೋಚಿಸುವುದು ಸರಿಯೋ, ಓದಿಕೊಂಡವಳ ಮೂಢನಂಬಿಕೆಯೋ, ನನಗೆ ತೀರ್ಮಾನವಾಗಿಲ್ಲ. ಅಕ್ಕನನ್ನು ಮತ್ತೊಮ್ಮೆ ಕಳೆದುಕೊಳ್ಳುತ್ತಿದ್ದೇನೆ, ಈ ಸಲ ಅವಳ ಮಗಳಿಂದಲೂ ಕಳೆಯುತ್ತಿದ್ದೇನೆ ಎಂಬುದು ಮಾತ್ರ ಗೊತ್ತಿತ್ತು.

ಹೆಸರು ನೆನಪಿಲ್ಲ ಎಂದು ಬರೆದು ಕಳಿಸಿದೆ. ಚೆನ್ನಾಗಿ ನೆನಪಿದೆ. ಇಲ್ಲಿಯೂ ಬರೆದಿಲ್ಲ.